ಸರ್ವರ್ ಡೌನ್ ಆದ ದಿನ ಯಾರ ಕೂಲಿ ಕಟ್?

ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಸುದ್ದಿ ಓದುವವರಿಗೆ ಈಗ ಒಂದು ಗೊಂದಲ ಇರುವುದು ಸಹಜ. ಒಂದು ಪುಟದಲ್ಲಿ ಐಫೋನ್ ಜೋಡಿಸುವ ಕಾರ್ಖಾನೆಗಳಲ್ಲಿ ಹೆಣ್ಣುಮಕ್ಕಳಿಗೆ ಸಾವಿರಗಟ್ಟಲೆ ಕೆಲಸ ಎಂದು ಓದುತ್ತೇವೆ. ಪುಟ ತಿರುಗಿಸಿದರೆ, ಫೋನಿನಲ್ಲಿ ಮುಖ ಗುರುತಿಸುವ ಕೆಲಸ ನಮ್ಮಿಂದ ಆಗುತ್ತಿಲ್ಲ ಎನ್ನುವ ಅಂಗನವಾಡಿ ಕಾರ್ಯಕರ್ತೆಯರ ಅಳಲು. ಆ ಕಡೆ ಫೋನಿನಿಂದ ಕೆಲಸ ಸಿಕ್ಕಿದೆ, ಈ ಕಡೆ ಫೋನಿನಿಂದ ಕೆಲಸ ಹೈರಾಣಾಗಿದೆ. ಹಾಗಾದರೆ ಡಿಜಿಟಲ್ ತಂತ್ರಜ್ಞಾನ ನಮ್ಮ ಹೆಣ್ಣುಮಕ್ಕಳಿಗೆ ಒಳ್ಳೆಯದು ಮಾಡುತ್ತಿದೆಯೋ ಇಲ್ಲವೋ?

ಎರಡೂ ಸುದ್ದಿ ನಿಜ. ಆದರೆ 'ತಂತ್ರಜ್ಞಾನ ಒಳ್ಳೆಯದೋ ಕೆಟ್ಟದ್ದೋ' ಎಂದು ಕೇಳುತ್ತಾ ಕೂತರೆ ಉತ್ತರ ಸಿಗುವುದಿಲ್ಲ. ಬೇರೆ ಪ್ರಶ್ನೆ ಕೇಳಬೇಕು. ನೆಟ್‌ವರ್ಕ್ ಹೋದ ದಿನ, ಆ್ಯಪ್ ತೆರೆಯದ ದಿನ, ಯಂತ್ರ ಹಾಜರಿ ಹಿಡಿಯದ ದಿನ ಆಗುವ ನಷ್ಟ ಯಾರ ತಲೆಗೆ ಬರುತ್ತದೆ? ಕೆಲಸ ಕೊಟ್ಟವರಿಗೋ, ಕೆಲಸ ಮಾಡಿದವಳಿಗೋ? ಒಂದು ಕೆಲಸದ ಗುಣಮಟ್ಟ ಏನು ಅನ್ನೋದು ಈ ಒಂದು ಪ್ರಶ್ನೆಯಿಂದ ಬಹಳಷ್ಟು ಮಟ್ಟಿಗೆ ಗೊತ್ತಾಗುತ್ತದೆ.

ಮುಖ ತೋರಿಸಿದರೆ ಮಾತ್ರ ಪುಷ್ಟಿ ಪ್ಯಾಕೆಟ್

ಮೊದಲು ಅಂಗನವಾಡಿಯ ವಿಷಯ. ಗರ್ಭಿಣಿಯರು, ಬಾಣಂತಿಯರು, 6 ತಿಂಗಳಿಂದ 3 ವರ್ಷದ ಮಕ್ಕಳಿಗೆ ಮನೆಗೆ ಕೊಂಡೊಯ್ಯುವ ಆಹಾರ ಕೊಡುವ ಯೋಜನೆ ಹಳೆಯದು. ಯಾರಿಗೆ ಎಷ್ಟು ಕೊಟ್ಟೆವು ಎಂಬುದನ್ನು ಮೊದಲು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿಸಿಕೊಳ್ಳುತ್ತಿದ್ದರು. 2021ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 'ಪೋಷಣ್ ಟ್ರ್ಯಾಕರ್' ಎಂಬ ಆ್ಯಪ್ ತಂದಿತು. ಹಾಜರಿ, ಮಕ್ಕಳ ತೂಕ, ಎತ್ತರ, ಮನೆ ಭೇಟಿ ಎಲ್ಲವೂ ಅದರೊಳಗೆ ಹೋಯಿತು. 2025ರ ಜುಲೈ 1ರಿಂದ ಇನ್ನೊಂದು ಹೆಜ್ಜೆ ಸೇರಿತು. ಮನೆಗೆ ಕೊಡುವ ಆಹಾರಕ್ಕೆ ಫಲಾನುಭವಿಯ ಮುಖವನ್ನು ಫೋನಿನಲ್ಲಿ ಗುರುತಿಸುವುದು ಕಡ್ಡಾಯವಾಯಿತು.

ಕೇಳುವುದಕ್ಕೆ ಸುಲಭ. ಮಾಡುವಾಗ ಹೇಗಿರುತ್ತದೆ ನೋಡಿ. ಮೊದಲು ತಾಯಿಯ ಆಧಾರ್ ನಂಬರ್ ಹಾಕಿ ಇ-ಕೆವೈಸಿ ಮಾಡಬೇಕು. ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಹೋಗುತ್ತದೆ. ಆ ಮೊಬೈಲ್ ಎಷ್ಟೋ ಮನೆಗಳಲ್ಲಿ ಗಂಡನ ಕೈಯಲ್ಲಿರುತ್ತದೆ. ಗಂಡ ಬೆಂಗಳೂರಿನಲ್ಲಿ ಗಾರೆ ಕೆಲಸದಲ್ಲೋ, ಸೆಕ್ಯೂರಿಟಿ ಡ್ಯೂಟಿಯಲ್ಲೋ ಇರುತ್ತಾನೆ. ಅವನಿಗೆ ಫೋನ್ ಮಾಡಿ, 'ಈಗೊಂದು ನಂಬರ್ ಬಂದಿದೆ, ಹೇಳಪ್ಪಾ' ಅನ್ನಬೇಕು. ಯಾರು ಕೇಳಿದರೂ ಒಟಿಪಿ ಹೇಳಬೇಡಿ ಎಂದು ಬ್ಯಾಂಕಿನವರೂ ಪೊಲೀಸರೂ ಸಾರಿ ಸಾರಿ ಹೇಳುತ್ತಿರುವ ಕಾಲ ಇದು. ಅವನು ಹಿಂಜರಿಯುವುದರಲ್ಲಿ ತಪ್ಪೇನಿದೆ?

ಅದಾದ ಮೇಲೆ ಮುಖ. ಫೋನಿನ ಪರದೆಯಲ್ಲಿ ತೋರಿಸುವ ಚೌಕಟ್ಟಿನೊಳಗೆ ಮುಖ ಕೂರಬೇಕು, ಕಣ್ಣು ಮಿಟುಕಿಸಬೇಕು, ಬೆಳಕು ಸಾಕಷ್ಟಿರಬೇಕು. ಗರ್ಭಿಣಿಯ ಮುಖ ತಿಂಗಳು ಕಳೆದಂತೆ ಊದಿಕೊಳ್ಳಬಹುದು. ಬಾಣಂತಿಯಾದರೆ ತಲೆಗೆ, ಕಿವಿಗೆ ಬಟ್ಟೆ ಕಟ್ಟಿಕೊಂಡಿರುತ್ತಾಳೆ. ನಮ್ಮ ಕಡೆ ಹಸಿ ಬಾಣಂತಿ ಮನೆಯಿಂದ ಹೊರಗೆ ಕಾಲಿಡುವುದಿಲ್ಲ. ಅಂಗನವಾಡಿಯಿಂದ ಆಹಾರ ತರಲು ಅತ್ತೆಯೋ, ಅಮ್ಮನೋ ಹೋಗುತ್ತಿದ್ದರು. ಈಗ ಮುಖವೇ ಬೇಕಲ್ಲ, ಆದ್ದರಿಂದ ಕಾರ್ಯಕರ್ತೆಯೇ ಫೋನ್ ಹಿಡಿದು ಮನೆಗೆ ಹೋಗಬೇಕು. ಬಾಣಂತಿ ಕೋಣೆಯಲ್ಲಿ ಬೆಳಕು ಕಡಿಮೆ, ಗಾಳಿ ಬಾರದಂತೆ ಕಿಟಕಿ ಮುಚ್ಚಿರುತ್ತಾರೆ. ಅಲ್ಲಿ ನೆಟ್‌ವರ್ಕ್ ಸಿಗದೇ ಹೋದರೆ ಒಂದು ಹೊಸ್ತಿಲು ಈಚೆ ಬರಬೇಕು. ಈಚೆ ಬಂದರೆ ಬಾಣಂತಿ ಇಲ್ಲ. ಒಂದು ಪ್ಯಾಕೆಟ್ ಆಹಾರ ಕೊಡುವ ಎರಡು ನಿಮಿಷದ ಕೆಲಸ ಹೀಗೆ ಅರ್ಧ ಗಂಟೆ ತಿನ್ನುತ್ತದೆ.

ಅಷ್ಟು ಹೊತ್ತು ಅಂಗನವಾಡಿಯಲ್ಲಿ ಏನಾಗುತ್ತಿರುತ್ತದೆ? 3ರಿಂದ 6 ವರ್ಷದ ಮಕ್ಕಳು ಸಹಾಯಕಿಯ ಕೈಯಲ್ಲಿ ಇರುತ್ತಾರೆ. ಸಹಾಯಕಿ ಅಡುಗೆಯನ್ನೂ ಮಾಡಬೇಕು. ಕರ್ನಾಟಕದಲ್ಲಿ 2017ರಿಂದ 'ಮಾತೃಪೂರ್ಣ' ಯೋಜನೆ ಇರುವುದರಿಂದ ಗರ್ಭಿಣಿಯರಿಗೆ, ಬಾಣಂತಿಯರಿಗೆ ಬಿಸಿ ಊಟದ ಕೆಲಸವೂ ಇದೆ. ಅಂಗನವಾಡಿ ಎಂದರೆ ಮೂಲತಃ ಮಕ್ಕಳು ಆಡಿ, ಹಾಡಿ, ಉಂಡು, ಮಲಗುವ ಜಾಗ. ಟೀಚರ್ ಕಣ್ಣು ಫೋನಿನ ಮೇಲೆ ಇದ್ದಷ್ಟೂ ಹೊತ್ತು ಮಕ್ಕಳ ಮೇಲೆ ಇರುವುದಿಲ್ಲ. ಆ್ಯಪ್ ಬಗ್ಗೆ ಚರ್ಚೆ ಮಾಡುವವರು ಇದನ್ನು ಜಾಸ್ತಿ ಹೇಳುವುದೇ ಇಲ್ಲ.

ಸರ್ಕಾರ ಹೇಳುವುದೇನು, ಕಾರ್ಯಕರ್ತೆಯರು ಹೇಳುವುದೇನು

ಸರ್ಕಾರದ ವಾದವನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ದೇಶದಲ್ಲಿ ಸುಮಾರು 14 ಲಕ್ಷ ಅಂಗನವಾಡಿಗಳಿವೆ. ನಮ್ಮ ರಾಜ್ಯದಲ್ಲೇ 65 ಸಾವಿರಕ್ಕೂ ಹೆಚ್ಚು. ಇಲ್ಲದ ಮಕ್ಕಳ ಹೆಸರಲ್ಲಿ, ಊರು ಬಿಟ್ಟುಹೋದ ತಾಯಂದಿರ ಹೆಸರಲ್ಲಿ ಆಹಾರ ಖರ್ಚು ತೋರಿಸಿದ ಉದಾಹರಣೆಗಳು ಬೇಕಾದಷ್ಟಿವೆ. ಕಾಗದದ ಲೆಕ್ಕದಲ್ಲಿ ಇದನ್ನು ಹಿಡಿಯುವುದು ಕಷ್ಟ. ಯಾವ ಊರಿನಲ್ಲಿ ಎಷ್ಟು ಮಕ್ಕಳ ತೂಕ ಕಡಿಮೆ ಇದೆ ಎಂಬುದು ತಿಂಗಳುಗಟ್ಟಲೆ ಕಾಯದೆ ತಿಳಿದರೆ ನೆರವು ಬೇಗ ಮುಟ್ಟಿಸಬಹುದು. ಇದು ಒಳ್ಳೆಯ ಉದ್ದೇಶವೇ.

ಕಾರ್ಯಕರ್ತೆಯರೂ ಲೆಕ್ಕ ಕೊಡುವುದಿಲ್ಲ ಎನ್ನುತ್ತಿಲ್ಲ. ಅವರ ತಕರಾರು ಬೇರೆ. ಮುಖ ಹೊಂದಲಿಲ್ಲ ಎಂದರೆ ಎದುರಿಗೆ ನಿಂತ ಗರ್ಭಿಣಿಗೆ ಆಹಾರ ಇಲ್ಲ ಎನ್ನುವವರು ಅವರೇ. ಬೈಗುಳ ಕೇಳುವವರೂ ಅವರೇ. ಕೊಟ್ಟರೆ ಆ್ಯಪ್‌ನಲ್ಲಿ ಲೆಕ್ಕ ಬರುವುದಿಲ್ಲ. ಕೊಡದಿದ್ದರೆ ಊರಿನಲ್ಲಿ ಮುಖ ತೋರಿಸುವಂತಿಲ್ಲ. ತಿಂಗಳ ಕೊನೆಗೆ, 'ನಿಮ್ಮ ಕೇಂದ್ರದಲ್ಲಿ ಶೇಕಡಾವಾರು ಯಾಕೆ ಕಡಿಮೆ' ಎಂದು ಮೇಲ್ವಿಚಾರಕಿ ಕೇಳುತ್ತಾರೆ, ಅವರನ್ನು ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕೇಳುತ್ತಾರೆ. ಈ ಪ್ರಶ್ನೆಗಳ ಸಾಲು ಮೇಲಿನಿಂದ ಕೆಳಗೆ ಬರುತ್ತದೆಯೇ ಹೊರತು, ಸರ್ವರ್ ಯಾಕೆ ನಿಂತಿತು ಎಂದು ಕೆಳಗಿನಿಂದ ಮೇಲೆ ಹೋಗುವುದಿಲ್ಲ.

ಇಲ್ಲಿ ಕಾರಣ ಮತ್ತು ಪರಿಣಾಮವನ್ನು ಬಿಡಿಸಿ ನೋಡಬೇಕು. ಆ್ಯಪ್ ಕೈಕೊಟ್ಟರೆ ಕೆಲಸ ನಿಲ್ಲುವುದಿಲ್ಲ, ಮುಂದಕ್ಕೆ ಹೋಗುತ್ತದೆ. ಹಗಲು ಸರ್ವರ್ ನಿಧಾನ, ರಾತ್ರಿ ಸ್ವಲ್ಪ ಸಲೀಸು. ಹಾಗಾಗಿ ಮನೆಯಲ್ಲಿ ಮುದ್ದೆ ಮಾಡಿ ಎಲ್ಲರಿಗೂ ಬಡಿಸಿದ ಮೇಲೆ ಕೂತು ಅಪ್‌ಲೋಡ್ ಮಾಡುವುದು ರೂಢಿಯಾಗುತ್ತದೆ. ಕೆಲಸದ ಹೊತ್ತು ಹೀಗೆ ಮನೆಯೊಳಗೆ ನುಗ್ಗುತ್ತದೆ. ಆ ಹೊತ್ತಿಗೆ ದುಡ್ಡಿಲ್ಲ. ಕೇಂದ್ರ ಸರ್ಕಾರ ಕೊಡುವ ಪಾಲು 2018ರಿಂದ ಕಾರ್ಯಕರ್ತೆಗೆ ತಿಂಗಳಿಗೆ 4,500 ರೂಪಾಯಿ, ಸಹಾಯಕಿಗೆ 2,250 ರೂಪಾಯಿ. ಅದರ ಮೇಲೆ ರಾಜ್ಯ ತನ್ನ ಪಾಲು ಸೇರಿಸುತ್ತದೆ. 2025-26ರ ರಾಜ್ಯ ಬಜೆಟ್‌ನಲ್ಲಿ ಕಾರ್ಯಕರ್ತೆಯರಿಗೆ 1,000, ಸಹಾಯಕಿಯರಿಗೆ 750 ರೂಪಾಯಿ ಹೆಚ್ಚಿಸಿದರು. ಅಂದರೆ ಕೇಂದ್ರದ ಆ್ಯಪ್‌ನಲ್ಲಿ ಕೆಲಸ ವರ್ಷದಿಂದ ವರ್ಷಕ್ಕೆ ಬೆಳೆಯಿತು, ಕೇಂದ್ರದ ಪಾಲು ಮಾತ್ರ ಆ್ಯಪ್ ಹುಟ್ಟುವುದಕ್ಕಿಂತ ಮೊದಲು ಎಲ್ಲಿತ್ತೋ ಅಲ್ಲೇ ಇದೆ.

ಲೆಕ್ಕಕ್ಕೆ ಸಿಗದ ಓಡಾಟ

ಅಂಗನವಾಡಿಯಲ್ಲಿ ಹೋಗುವುದು ಹೊತ್ತು. ಆಶಾ ಕಾರ್ಯಕರ್ತೆಯರ ವಿಷಯದಲ್ಲಿ ದುಡ್ಡೇ ಹೋಗುತ್ತದೆ.

2025ರ ಜನವರಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಹಗಲು ರಾತ್ರಿ ಕೂತಿದ್ದು ನೆನಪಿರಬಹುದು. ತಿಂಗಳಿಗೆ 15 ಸಾವಿರ ಕೇಳಿದ್ದರು. ಕನಿಷ್ಠ 10 ಸಾವಿರ ಸಿಗುವಂತೆ ಮಾಡುತ್ತೇವೆ ಎಂಬ ಸರ್ಕಾರದ ಭರವಸೆಯ ಮೇಲೆ ಧರಣಿ ಮುಗಿಯಿತು. ಸುದ್ದಿಯಲ್ಲಿ ಈ ಮೊತ್ತವೇ ದೊಡ್ಡದಾಗಿ ಕಂಡಿತು. ಅವರ ಬೇಡಿಕೆ ಪಟ್ಟಿಯಲ್ಲಿದ್ದ ಇನ್ನೊಂದು ಮಾತು ಬಹಳ ಜನರಿಗೆ ಅರ್ಥವಾಗಲಿಲ್ಲ. ಅದು ಆರ್‌ಸಿಎಚ್ ಪೋರ್ಟಲ್.

ಆಶಾ ಕಾರ್ಯಕರ್ತೆಗೆ ಸಂಬಳ ಎಂಬುದು ಇಲ್ಲ. ರಾಜ್ಯದ ನಿಗದಿತ ಗೌರವಧನ ಒಂದು ಭಾಗ. ಇನ್ನೊಂದು ಭಾಗ, ಮಾಡಿದ ಒಂದೊಂದು ಕೆಲಸಕ್ಕೆ ಇಷ್ಟಿಷ್ಟು ಎಂಬ ಪ್ರೋತ್ಸಾಹಧನ. ಗರ್ಭಿಣಿಯನ್ನು ನೋಂದಾಯಿಸಿದ್ದಕ್ಕೆ, ತಪಾಸಣೆಗೆ ಕರೆದೊಯ್ದದ್ದಕ್ಕೆ, ಹೆರಿಗೆ ಆಸ್ಪತ್ರೆಯಲ್ಲಿ ಆಗುವಂತೆ ನೋಡಿಕೊಂಡದ್ದಕ್ಕೆ, ಮಗುವಿಗೆ ಲಸಿಕೆ ಹಾಕಿಸಿದ್ದಕ್ಕೆ ಹೀಗೆ. ತಾಯಿ ಮಕ್ಕಳ ಆರೋಗ್ಯದ ಮಾಹಿತಿ ಇಡುವ ಆರ್‌ಸಿಎಚ್ ಪೋರ್ಟಲ್‌ಗೆ ಈ ಪಾವತಿಯನ್ನು ಜೋಡಿಸಿದರು. ಪೋರ್ಟಲ್‌ನಲ್ಲಿ ಎಂಟ್ರಿ ಇದ್ದರೆ ದುಡ್ಡು. ಇಲ್ಲದಿದ್ದರೆ ಇಲ್ಲ. ಎಂಟ್ರಿ ಮಾಡುವುದು ಆಶಾ ಅಲ್ಲ, ಬೇರೆಯವರು. ಅವರು ತಡ ಮಾಡಿದರೆ, ಬಿಟ್ಟರೆ, ತಪ್ಪು ಮಾಡಿದರೆ ಕಟ್ ಆಗುವುದು ಆಶಾಳ ದುಡ್ಡು.

ಗಡಿ ಜಿಲ್ಲೆಗಳಲ್ಲಿ ಇದು ಇನ್ನೂ ಗೋಜಲು. ಚೊಚ್ಚಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗುತ್ತಾಳೆ. ಮುಳಬಾಗಿಲಿನ ಸೊಸೆಯ ತವರು ಪುಂಗನೂರಿನಲ್ಲೋ ಕುಪ್ಪಂನಲ್ಲೋ ಇರುವುದು, ಮಾಲೂರಿನ ಸೊಸೆಯ ತವರು ಹೊಸೂರಿನ ಕಡೆ ಇರುವುದು ಹೊಸದಲ್ಲ. ಏಳು ತಿಂಗಳು ಮನೆಗೆ ಹೋಗಿ, ತಾಯಿ ಕಾರ್ಡ್ ಮಾಡಿಸಿ, ಕಬ್ಬಿಣಾಂಶದ ಮಾತ್ರೆ ಕೊಟ್ಟು, ಪಿಎಚ್‌ಸಿಗೆ ಕೈ ಹಿಡಿದು ಕರೆದೊಯ್ದವಳು ಒಬ್ಬಳು. ಹೆರಿಗೆ ಆಗುವುದು ಇನ್ನೊಂದು ರಾಜ್ಯದ ಆಸ್ಪತ್ರೆಯಲ್ಲಿ. ಒಂದು ತಾಯಿಯ ಹೆಸರಿನ ಮುಂದೆ ಮೊದಲಿನಿಂದ ಕೊನೆವರೆಗೂ ಎಲ್ಲ ಕಾಲಂ ತುಂಬಿರಬೇಕು ಎನ್ನುವ ಲೆಕ್ಕಕ್ಕೆ ನಮ್ಮ ತವರಿನ ಪದ್ಧತಿ ಹೊಂದುವುದಿಲ್ಲ. ರಿಜಿಸ್ಟರ್ ಇದ್ದಾಗ ಆ ಊರಿನ ನರ್ಸಮ್ಮನಿಗೆ ಇವಳು ಓಡಾಡಿದ್ದು ಕಣ್ಣಾರೆ ಗೊತ್ತಿರುತ್ತಿತ್ತು. ಪೋರ್ಟಲ್‌ಗೆ ಅದು ಗೊತ್ತಾಗುವ ದಾರಿ ಇಲ್ಲ.

ಮಧ್ಯಾಹ್ನದ ಎರಡನೇ ಫೋಟೋ

ನರೇಗಾ ಕೂಲಿಯಲ್ಲೂ ಇದೇ ಕಥೆ, ಆದರೆ ಇಲ್ಲಿ ಒಳ್ಳೆಯದನ್ನು ಮೊದಲು ಹೇಳಲೇಬೇಕು. ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ, ಅದೂ ನೇರ ಅವಳ ಬ್ಯಾಂಕ್ ಖಾತೆಗೆ. 2025-26ರಲ್ಲಿ ಕರ್ನಾಟಕದಲ್ಲಿ ದಿನಕ್ಕೆ 370 ರೂಪಾಯಿ ಇತ್ತು. ಹೊಲದ ಕೂಲಿಯಲ್ಲಿ ಹೆಣ್ಣಾಳಿಗೆ ಯಾವಾಗಲೂ ಕಡಿಮೆ ಕೊಡುವ ನಾಡಿನಲ್ಲಿ ಇದು ಸಣ್ಣ ವಿಷಯ ಅಲ್ಲ. ಮೇಸ್ತ್ರಿಯ ಕೈಯಿಂದ ದುಡ್ಡು ಈಸಿಕೊಳ್ಳುವ ಕಾಲ ಹೋಗಿದ್ದು ತಂತ್ರಜ್ಞಾನದಿಂದಲೇ. ಜೆಸಿಬಿಯಲ್ಲಿ ಕೆರೆ ಹೂಳೆತ್ತಿಸಿ ಹೆಂಗಸರ ಹೆಸರಲ್ಲಿ ಬಿಲ್ ಮಾಡಿಕೊಳ್ಳುತ್ತಿದ್ದವರ ಕೈ ಕಟ್ಟಬೇಕಿತ್ತು ಎಂಬುದೂ ನಿಜ.

ಅದಕ್ಕಾಗಿ 2021ರಲ್ಲಿ ಎನ್‌ಎಂಎಂಎಸ್ ಎಂಬ ಹಾಜರಿ ಆ್ಯಪ್ ಬಂತು. 2023ರ ಜನವರಿ 1ರಿಂದ ಸಮುದಾಯ ಕಾಮಗಾರಿಗಳಿಗೆಲ್ಲ ಕಡ್ಡಾಯವಾಯಿತು. ಕೆಲಸದ ಜಾಗದಲ್ಲಿ ದಿನಕ್ಕೆ ಎರಡು ಸಲ ಎಲ್ಲರ ಫೋಟೋ. ಫೋಟೋದ ಜೊತೆಗೆ ಹೊತ್ತು, ಜಾಗ ಎರಡೂ ದಾಖಲಾಗುತ್ತವೆ. ತೆಗೆಯುವವರು ಕಾಯಕ ಬಂಧು, ಅಂದರೆ ಗುಂಪಿನ ಮುಂದಾಳು. ಫೋನು, ಡೇಟಾ ಸಾಮಾನ್ಯವಾಗಿ ಅವರದ್ದೇ.

ನರೇಗಾ ಕೂಲಿ ಅಳತೆಯ ಮೇಲೆ ನಿಂತಿದೆ. ಇಷ್ಟು ಮಣ್ಣು ತೆಗೆದರೆ ಇಷ್ಟು. ಹಾಗಾಗಿ ಬಯಲುಸೀಮೆಯ ಹೆಂಗಸರು ಮೊದಲೆಲ್ಲ ಬೆಳಗಿನ ಜಾವವೇ ಹೋಗಿ, ಬಿಸಿಲೇರುವುದರೊಳಗೆ ಅಳತೆ ಮುಗಿಸಿ, ಮನೆಗೆ ಬಂದುಬಿಡುತ್ತಿದ್ದರು. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಇದಕ್ಕೊಂದು ಕಾರಣ ಇದೆ. ಈ ಕಡೆ ಮನೆ ನಡೆಯುವುದೇ ಸೀಮೆಹಸುವಿನ ಮೇಲೆ. ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕಬೇಕು. ಮಧ್ಯಾಹ್ನ ಮೇವು ತರಬೇಕು, ಹಸುವಿಗೆ ನೀರು ಕುಡಿಸಬೇಕು. ಹಾಲು ಕರೆಯುವ ಹೊತ್ತು ತಪ್ಪಿದರೆ ಹಾಲು ಕಡಿಮೆಯಾಗುತ್ತದೆ. ಎರಡನೇ ಫೋಟೋ ಬಂದ ಮೇಲೆ ಅಳತೆ ಮುಗಿದಿದ್ದರೂ ಬೇವಿನ ಮರದ ಕೆಳಗೆ ಕಾದು ಕೂರಬೇಕು, ಇಲ್ಲವೇ ಮನೆಗೆ ಹೋಗಿ ಮತ್ತೆ ಬರಬೇಕು. ಹಸು ಇಟ್ಟುಕೊಂಡವಳಿಗೆ, ಎಳೆ ಮಗು ಇರುವವಳಿಗೆ ಈ ಲೆಕ್ಕ ಕೂಡಿಬರುವುದಿಲ್ಲ. ಅವಳು ನರೇಗಾ ಬಿಟ್ಟು, ಕಡಿಮೆ ಕೂಲಿಯಾದರೂ ಸರಿ ಎಂದು ಪಕ್ಕದ ಟೊಮೆಟೊ ತೋಟಕ್ಕೆ ಹೋಗುತ್ತಾಳೆ. ಕೆಲಸ ಕಿತ್ತುಕೊಂಡವರು ಯಾರೂ ಇಲ್ಲ. ಆದರೂ ಕೆಲಸ ಅವಳ ಕೈ ತಪ್ಪಿತು.

ಫೋಟೋ ಅಪ್‌ಲೋಡ್ ಆಗದಿದ್ದರೆ? ಮಣ್ಣು ಹೊತ್ತ ದಿನವೇ ಗೈರುಹಾಜರಿ. ಸರಿಪಡಿಸಿಕೊಳ್ಳಲು ಪಂಚಾಯಿತಿ, ಅಲ್ಲಿಂದ ತಾಲ್ಲೂಕು ಪಂಚಾಯಿತಿ ಸುತ್ತಬೇಕು. 370 ರೂಪಾಯಿಗಾಗಿ ಎರಡು ದಿನದ ಕೂಲಿ ಬಿಟ್ಟು ಯಾರು ಸುತ್ತುತ್ತಾರೆ?

ಇಷ್ಟಾದರೂ ಮೋಸ ನಿಂತಿತಾ? 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಒಂದು ಸುತ್ತೋಲೆ ಹೊರಡಿಸಿತು. ಸಂಬಂಧವಿಲ್ಲದ ಫೋಟೋ ಹಾಕುತ್ತಿದ್ದಾರೆ, ಫೋಟೋದ ಫೋಟೋ ತೆಗೆದು ಹಾಕುತ್ತಿದ್ದಾರೆ ಎಂದು ಅದರಲ್ಲಿ ಹೇಳಿತ್ತು. ಮೋಸ ಮಾಡುವವನು ದಾರಿ ಹುಡುಕಿಕೊಂಡ. ಅವನನ್ನು ಹಿಡಿಯಲು ಹಾಕಿದ ಗಾಳಕ್ಕೆ ಹಸು ಕಟ್ಟಿಕೊಂಡವಳು ಸಿಕ್ಕಿಬಿದ್ದಳು.

ನರಸಾಪುರದಲ್ಲಿ ಆಗಿದ್ದು

ಈಗ ಕಾರ್ಖಾನೆಯ ಕಡೆಗೆ ಬರೋಣ. ನಮ್ಮ ಪ್ರಶ್ನೆಗೆ ಅತ್ಯಂತ ಸ್ಪಷ್ಟ ಉದಾಹರಣೆ ಕೋಲಾರ ಜಿಲ್ಲೆಯಲ್ಲೇ ಇದೆ.

2020ರ ಡಿಸೆಂಬರ್ 12ರ ಬೆಳಿಗ್ಗೆ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಗಲಾಟೆಯಾಯಿತು. ಕಾರ್ಮಿಕರು ಗಾಜು ಒಡೆದರು, ವಾಹನ ಉರುಳಿಸಿದರು. ಸುದ್ದಿ ಪ್ರಪಂಚಕ್ಕೆಲ್ಲ ಹೋಯಿತು, ಏಕೆಂದರೆ ಅಲ್ಲಿ ತಯಾರಾಗುತ್ತಿದ್ದುದು ಐಫೋನ್. ಮೂಲ ಕಾರಣ ಸಂಬಳ. ಕೆಲವೇ ತಿಂಗಳಲ್ಲಿ ಕಾರ್ಮಿಕರ ಸಂಖ್ಯೆ 10 ಸಾವಿರ ದಾಟಿತ್ತು. ಬಹಳಷ್ಟು ಜನ ಗುತ್ತಿಗೆದಾರರ ಮೂಲಕ ಬಂದವರು. 8 ಗಂಟೆಯ ಪಾಳಿ 12 ಗಂಟೆಗೆ ಏರಿತ್ತು. ಹಾಜರಿ ದಾಖಲಿಸುವ ವ್ಯವಸ್ಥೆಯಲ್ಲಿ ದೋಷವಿತ್ತು, ಅದನ್ನು ಸಮಯಕ್ಕೆ ಸರಿಪಡಿಸಿರಲಿಲ್ಲ ಎಂಬುದು ಆಮೇಲೆ ನಡೆದ ಸರ್ಕಾರಿ ತಪಾಸಣೆಯಲ್ಲಿ ಹೊರಬಂತು. ದುಡಿದ ಹೊತ್ತು ಯಂತ್ರದಲ್ಲಿ ಸರಿಯಾಗಿ ಬೀಳದಿದ್ದರೆ ಸಂಬಳದ ಚೀಟಿಯಲ್ಲೂ ಬೀಳುವುದಿಲ್ಲ.

ಆಮೇಲೆ ಏನಾಯಿತು ಎಂಬುದನ್ನು ಗಮನಿಸಬೇಕು. ಕೆಲವು ಕಾರ್ಮಿಕರಿಗೆ ಸಂಬಳ ಸರಿಯಾಗಿ, ಸಮಯಕ್ಕೆ ಸಿಕ್ಕಿಲ್ಲ ಎಂದು ಕಂಪನಿ ಒಪ್ಪಿಕೊಂಡು ಕ್ಷಮೆ ಕೇಳಿತು. ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಸರಿಪಡಿಸುವ ತನಕ ಹೊಸ ಕೆಲಸ ಕೊಡುವುದಿಲ್ಲ ಎಂದು ಆ್ಯಪಲ್ ಹೇಳಿತು. ಅಂದರೆ ಕಾರ್ಖಾನೆಯಲ್ಲಿ ಹಾಜರಿ ಯಂತ್ರ ಕೆಟ್ಟರೆ ಕಾನೂನಿನ ಕಣ್ಣಲ್ಲಿ ಅದು ಮಾಲೀಕನ ತಪ್ಪು. ಸಂಬಳ ಕಾನೂನು ಹೇಳಿದ ತಾರೀಖಿನೊಳಗೆ ಕೊಡಬೇಕು, ಹೆಚ್ಚಿನ ಹೊತ್ತಿಗೆ ಎರಡು ಪಟ್ಟು ಕೊಡಬೇಕು. ಯಂತ್ರ ಕೆಟ್ಟಿತ್ತು ಎಂಬ ನೆಪ ನಡೆಯುವುದಿಲ್ಲ. ನರಸಾಪುರದಲ್ಲಿ ಆ ಕಾನೂನು ತಡವಾಗಿ ಎದ್ದಿತು. ಅಷ್ಟರಲ್ಲಿ ನೂರಕ್ಕೂ ಹೆಚ್ಚು ಜನ ಬಂಧನವಾಗಿದ್ದರು. ಆದರೂ ಎದ್ದು ನಿಲ್ಲಲು ಕಾನೂನು ಅಂತ ಒಂದಿತ್ತು. 2023ರಲ್ಲಿ ಆ ಕಾರ್ಖಾನೆ ಟಾಟಾ ಕೈಗೆ ಬಂತು. ಚಿಕ್ಕಬಳ್ಳಾಪುರದ ಮಗ್ಗುಲಲ್ಲೇ ಇರುವ ದೇವನಹಳ್ಳಿಯಲ್ಲಿ ಐಫೋನ್ ಜೋಡಿಸುವ ಫಾಕ್ಸ್‌ಕಾನ್‌ನಲ್ಲಿ ಸುಮಾರು 30 ಸಾವಿರ ಮಂದಿ ಸೇರಿದ್ದಾರೆ, ಅವರಲ್ಲಿ ಹೆಚ್ಚಿನವರು ಯುವತಿಯರು ಎಂದು 2025ರ ಕೊನೆಯಲ್ಲಿ ವರದಿಯಾಯಿತು.

ಪಿಎಫ್, ಇಎಸ್‌ಐ, ಬಸ್ಸು, ಊಟ ಇರುವ ಕೆಲಸ ಇದು. ಹಳ್ಳಿಯ ಹುಡುಗಿಗೆ ಇಂಥ ಕೆಲಸ ಸಿಗುವುದು ಸಂತೋಷದ ವಿಷಯ, ಅನುಮಾನವೇ ಬೇಡ. ಆದರೆ ಎರಡು ಮಾತು ಕೂಡಲೇ ಸೇರಿಸಬೇಕು. 2023ರ ರಾಜ್ಯದ ತಿದ್ದುಪಡಿ ವಾರಕ್ಕೆ 48 ಗಂಟೆಯ ಮಿತಿ ಇಟ್ಟುಕೊಂಡೇ ದಿನಕ್ಕೆ 12 ಗಂಟೆಯವರೆಗಿನ ದುಡಿಮೆಗೆ ದಾರಿ ಮಾಡಿಕೊಟ್ಟಿತು. ಸುರಕ್ಷತೆಯ ಷರತ್ತು ಹಾಕಿ ಹೆಂಗಸರ ರಾತ್ರಿ ಪಾಳಿಗೂ ಅವಕಾಶ ಕೊಟ್ಟಿತು. ಇದನ್ನು ಕೆಲವರು ಅವಕಾಶ ಎನ್ನುತ್ತಾರೆ, ಕಾರ್ಮಿಕ ಸಂಘಟನೆಗಳು ಹೊರೆ ಎನ್ನುತ್ತವೆ. ಬಸ್ ಪ್ರಯಾಣ ಸೇರಿಸಿದರೆ 12 ಗಂಟೆಯ ಪಾಳಿ 15 ಗಂಟೆ ಆಗುತ್ತದೆ. ಮಗು ಇರುವವಳಿಗೆ ಅದು ಆಗುವ ಮಾತಲ್ಲ.

ಎರಡನೆಯದು ವಯಸ್ಸು, ಮದುವೆ. ತಮಿಳುನಾಡಿನ ಶ್ರೀಪೆರಂಬುದೂರಿನ ಫಾಕ್ಸ್‌ಕಾನ್ ಘಟಕದಲ್ಲಿ ಮದುವೆಯಾದ ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಳ್ಳದೆ ದೂರ ಇಟ್ಟಿದ್ದಾರೆ ಎಂದು ರಾಯಿಟರ್ಸ್ 2024ರಲ್ಲಿ ವರದಿ ಮಾಡಿತು. ಕೇಂದ್ರ ಸರ್ಕಾರ ರಾಜ್ಯದಿಂದ ವಿವರಣೆ ಕೇಳಿತು. ಬರೆದಿಟ್ಟ ನಿಯಮ ಇಲ್ಲದಿದ್ದರೂ, ಪಾಳಿ ಮತ್ತು ಹಾಸ್ಟೆಲ್ ವ್ಯವಸ್ಥೆಯೇ ಮದುವೆಯಾದವಳನ್ನು ಹೊರಗೆ ಕಳಿಸಿಬಿಡುತ್ತದೆ.

ಇಲ್ಲಿಗೆ ಎರಡು ಸುದ್ದಿಗಳ ಗಂಟು ಬಿಚ್ಚಿಕೊಳ್ಳುತ್ತದೆ. ಇವು ಎರಡು ಬೇರೆ ಬೇರೆ ಹೆಂಗಸರ ಕಥೆ ಅಂದುಕೊಂಡಿದ್ದೇವೆ, ಅಲ್ವಾ? ಬಹಳ ಸಲ ಒಬ್ಬಳದೇ ಕಥೆ. 20ನೇ ವಯಸ್ಸಿನಲ್ಲಿ ಬೆಳಿಗ್ಗೆ 5 ಗಂಟೆಗೆ ಊರ ಗೇಟಿನಲ್ಲಿ ಕಂಪನಿ ಬಸ್ಸಿಗೆ ಕಾಯುವ ಹುಡುಗಿ, ಮದುವೆಯಾಗಿ ಮಗುವಾದ ಮೇಲೆ ಇನ್ನೊಂದು ಹಳ್ಳಿಯಲ್ಲಿ ಹಸು, ನರೇಗಾ, ಆಶಾ, ಅಂಗನವಾಡಿ ಎಂದು ಕೆಲಸ ಹುಡುಕುತ್ತಾಳೆ. ಐದಾರು ವರ್ಷ ಯಂತ್ರ ಕೆಟ್ಟರೆ ಮಾಲೀಕನ ನಷ್ಟ ಎಂಬ ವ್ಯವಸ್ಥೆಯಲ್ಲಿ ಇದ್ದವಳು, ಉಳಿದ ಮೂವತ್ತು ವರ್ಷ ಯಂತ್ರ ಕೆಟ್ಟರೆ ತನ್ನ ನಷ್ಟ ಎಂಬ ವ್ಯವಸ್ಥೆಗೆ ಬರುತ್ತಾಳೆ.

ಡೆಲಿವರಿ ಹುಡುಗನಿಗೆ ಕೊಟ್ಟ ಹಕ್ಕು

ಆ್ಯಪ್ ಆಡಿಸಿದಂತೆ ದುಡಿಯುವವರಿಗೆ ರಕ್ಷಣೆ ಬೇಕು ಎಂಬುದು ನಮ್ಮ ಸರ್ಕಾರಕ್ಕೆ ಗೊತ್ತಿಲ್ಲವೆಂದಲ್ಲ. 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರಿಗಾಗಿ, ಅಂದರೆ ಆ್ಯಪ್ ಕಂಪನಿಗಳಿಗೆ ಡೆಲಿವರಿಯಂಥ ಕೆಲಸ ಮಾಡುವವರಿಗಾಗಿ, ಒಂದು ಕಾಯ್ದೆ ಮಾಡಿತು. ಒಳ್ಳೆಯ ಕಾಯ್ದೆ. ಪ್ರತಿ ಪಾವತಿಯ ಮೇಲೆ ಕಂಪನಿ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು. ಕೆಲಸದಿಂದ ತೆಗೆಯುವ ಮುನ್ನ ಕಾರಣ ಕೊಟ್ಟು 14 ದಿನದ ನೋಟಿಸ್ ಕೊಡಬೇಕು. ಕೆಲಸವನ್ನು ತಾನಾಗಿಯೇ ಅಳೆಯುವ, ನಿರ್ಧರಿಸುವ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂದು ಕೆಲಸಗಾರರಿಗೆ ತಿಳಿಸಬೇಕು. ತೊಂದರೆ ಆದರೆ ಮಾತಾಡಲು ಒಬ್ಬ ಮನುಷ್ಯ ಇರಬೇಕು.

ಈ ಕೊನೆಯ ಎರಡು ಹಕ್ಕುಗಳನ್ನು ಅಂಗನವಾಡಿಗೆ ಹೊಂದಿಸಿ ನೋಡಿ. ಊಟ ತಲುಪಿಸುವ ಕಂಪನಿ ತನ್ನ ಹುಡುಗರಿಗೆ ಏನು ಕೊಡಬೇಕು ಎಂದು ಸರ್ಕಾರ ಕೇಳುತ್ತದೋ, ಅದನ್ನು ಸರ್ಕಾರದ್ದೇ ಆ್ಯಪ್ ಹಿಡಿದು ಗರ್ಭಿಣಿಗೆ ಆಹಾರ ತಲುಪಿಸುವವಳಿಗೆ ಯಾವ ಕಾನೂನೂ ಕೊಟ್ಟಿಲ್ಲ. ಈ ಅಂತರ ತುಂಬಬೇಕು ಎಂಬುದೇ ಈ ಇಡೀ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು.

ಯಾಕೆ ಕೊಟ್ಟಿಲ್ಲ? ಅದಕ್ಕೆ ಉತ್ತರ 'ಗೌರವಧನ' ಎಂಬ ಪದದಲ್ಲಿದೆ. ಸಂಬಳ ಪಡೆಯುವವಳು ನೌಕರಳು. ಗೌರವಧನ ಪಡೆಯುವವಳು ಸೇವಕಿ, ಸ್ವಯಂಸೇವಕಿ. ಅಂಗನವಾಡಿ ಕಾರ್ಯಕರ್ತೆಯದು ಸರ್ಕಾರಿ ಹುದ್ದೆ ಅಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದ್ದು ಕರ್ನಾಟಕದ ಅಮೀರ್‌ಬಿ ಪ್ರಕರಣದಲ್ಲೇ. 2013ರಲ್ಲಿ 45ನೇ ಭಾರತೀಯ ಕಾರ್ಮಿಕ ಸಮ್ಮೇಳನ ಇಂಥವರನ್ನು ಕಾರ್ಮಿಕರು ಎಂದು ಒಪ್ಪಿ ಕನಿಷ್ಠ ವೇತನ ಕೊಡಿ ಎಂದು ಶಿಫಾರಸು ಮಾಡಿತು. 2022ರ ಏಪ್ರಿಲ್‌ನಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇವರಿಗೆ ಗ್ರಾಚ್ಯುಟಿ ಸಿಗಬೇಕು ಎಂದು ತೀರ್ಪು ಕೊಟ್ಟಿತು. 2025ರ ನವೆಂಬರ್ 21ರಂದು ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅವುಗಳಲ್ಲಿ ಗಿಗ್ ಕೆಲಸಗಾರರಿಗೆ ಹೆಸರು ಸಿಕ್ಕಿತು. ಅಂಗನವಾಡಿ, ಆಶಾದಂಥ ಸರ್ಕಾರಿ ಯೋಜನೆಗಳ ಕಾರ್ಯಕರ್ತೆಯರಿಗೆ ಅಂಥ ಜಾಗ ಸಿಗಲಿಲ್ಲ.

ಪರಿಣಾಮ ನೇರ. ನೌಕರಳಾದರೆ ಆ್ಯಪ್‌ನಲ್ಲಿ ಕಳೆದ ರಾತ್ರಿ ಒಂದು ಗಂಟೆ ಓವರ್‌ಟೈಮ್. ಸ್ವಯಂಸೇವಕಿಯಾದರೆ ಅದೇ ಒಂದು ಗಂಟೆ ಸೇವೆ. ಯಂತ್ರದ ವಿಷಯಕ್ಕೆ ಬಂದರೆ ಅವಳು ನಿಮಿಷ ನಿಮಿಷಕ್ಕೂ ಲೆಕ್ಕ ಕೊಡಬೇಕಾದ ನೌಕರಳು, ದುಡ್ಡಿನ ವಿಷಯಕ್ಕೆ ಬಂದರೆ ಸ್ವಯಂಸೇವಕಿ.

ಮುಂದೆ ಏನಾಗಬಹುದು

ಆ್ಯಪ್‌ಗಳು ಕಡಿಮೆಯಾಗುವುದಿಲ್ಲ, ಜಾಸ್ತಿಯಾಗುತ್ತವೆ. 2025ರ ಡಿಸೆಂಬರ್‌ನಲ್ಲಿ ನರೇಗಾ ಜಾಗದಲ್ಲಿ ಹೊಸ ಕಾಯ್ದೆಯನ್ನು ಸಂಸತ್ತು ಒಪ್ಪಿತು. 100 ದಿನದ ಬದಲು 125 ದಿನದ ಕೆಲಸ, ಖರ್ಚಿನಲ್ಲಿ ರಾಜ್ಯಕ್ಕೆ ಶೇ 40ರ ಪಾಲು ಎಂಬುದರ ಬಗ್ಗೆ ಜಗಳ ಜೋರಾಯಿತು. ಬಯೋಮೆಟ್ರಿಕ್ ಗುರುತು, ಮೊಬೈಲ್ ನಿಗಾ, ಕೃತಕ ಬುದ್ಧಿಮತ್ತೆಯಿಂದ ಮೋಸ ಪತ್ತೆ ಎಂಬ ಅಂಶಗಳೂ ಅದರಲ್ಲಿವೆ. ಆ ಬಗ್ಗೆ ಚರ್ಚೆ ಕಡಿಮೆ. ಯಂತ್ರ ಒಬ್ಬಳ ಹಾಜರಿಯನ್ನು 'ಅನುಮಾನಾಸ್ಪದ' ಎಂದರೆ ಅವಳು ಯಾರ ಹತ್ತಿರ ಹೋಗಬೇಕು, ಅಲ್ಲಿಯವರೆಗೆ ಕೂಲಿ ತಡೆಹಿಡಿಯುತ್ತಾರೋ ಕೊಡುತ್ತಾರೋ ಎಂಬುದು ಹೆಣ್ಣಾಳುಗಳ ಪಾಲಿಗೆ ದಿನಗಳ ಸಂಖ್ಯೆಯಷ್ಟೇ ದೊಡ್ಡ ವಿಷಯ.

ಇನ್ನೊಂದು ಪರಿಣಾಮ ನಿಧಾನಕ್ಕೆ ಕಾಣಿಸಿಕೊಳ್ಳುತ್ತದೆ. ಆ್ಯಪ್ ಬಳಸಲು ಬರುವವಳೇ ಕೆಲಸಕ್ಕೆ ಬೇಕು ಎಂದಾದರೆ, 20 ವರ್ಷ ಮಕ್ಕಳನ್ನು ಎತ್ತಿ ಆಡಿಸಿದ ಹಳೆಯ ಕಾರ್ಯಕರ್ತೆ ದಡ್ಡಿ ಎನಿಸಿಕೊಳ್ಳುತ್ತಾಳೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನಲ್ಲಿ ದೇಶದ ಹೆಂಗಸರಲ್ಲಿ ತಾವೇ ಬಳಸುವ ಮೊಬೈಲ್ ಇದ್ದವರು ಶೇ 54 ಮಾತ್ರ. ಒಮ್ಮೆಯಾದರೂ ಇಂಟರ್ನೆಟ್ ಬಳಸಿದ್ದವರು ಶೇ 33. ಗಂಡಸರಲ್ಲಿ ಅದು ಶೇ 57 ಇತ್ತು. ಆಮೇಲೆ ಫೋನು ಹೆಚ್ಚಿರಬಹುದು, ಆದರೆ ಮನೆಯಲ್ಲಿ ಒಂದೇ ಫೋನ್ ಇದ್ದರೆ ಅದು ಮೊದಲು ಗಂಡನ ಕೈಗೆ, ಆಮೇಲೆ ಮಗನ ಕೈಗೆ ಹೋಗುವುದು ನಿಂತಿಲ್ಲ. ಕಾಯಕ ಬಂಧು ಆಗಲು ಸ್ಮಾರ್ಟ್‌ಫೋನ್ ಬೇಕು ಎಂದ ಕೂಡಲೇ ಅರ್ಧ ಹೆಂಗಸರು ಸಾಲಿನಿಂದ ಆಚೆ ನಿಲ್ಲುತ್ತಾರೆ.

ಇದೆಲ್ಲ ಸರಿಪಡಿಸಲು ತಂತ್ರಜ್ಞಾನವನ್ನು ಕಿತ್ತೆಸೆಯಬೇಕಿಲ್ಲ. ಮುಖ ಹೊಂದದಿದ್ದರೆ ಸಹಿ ಪಡೆದು ಆಹಾರ ಕೊಡಬಹುದು, ಅದು ಪೂರ್ತಿ ಲೆಕ್ಕಕ್ಕೆ ಬರುತ್ತದೆ ಎಂಬ ಆದೇಶ ಸಾಕು. ಎಂಟ್ರಿ ತಡವಾದರೆ ಮೊದಲು ಆಶಾಳಿಗೆ ದುಡ್ಡು ಕೊಟ್ಟು ಆಮೇಲೆ ಪರಿಶೀಲಿಸಬಹುದು. ಅಳತೆ ಮುಗಿದಿದ್ದರೆ ಎರಡನೇ ಫೋಟೋ ಬೇಗ ತೆಗೆಯಲು ಬಿಡಬಹುದು. ಡೇಟಾ ಖರ್ಚು ಕೈಯಿಂದ ಹಾಕಿಸಬಾರದು. ಸರ್ವರ್ ಎಷ್ಟು ಗಂಟೆ ನಿಂತಿತ್ತು ಎಂಬ ಲೆಕ್ಕವನ್ನೂ ಪ್ರತಿ ತಿಂಗಳು ತಾಲ್ಲೂಕುವಾರು ಪ್ರಕಟಿಸಬಹುದು. ಆಗ ಶೇಕಡಾವಾರು ಯಾಕೆ ಕಡಿಮೆ ಎಂಬ ಪ್ರಶ್ನೆಗೆ ಮೇಲ್ವಿಚಾರಕಿಯ ಬಳಿಯೂ ಒಂದು ಉತ್ತರ ಇರುತ್ತದೆ.

ಸದ್ಯಕ್ಕೆ ಅಂಥ ಉತ್ತರ ಇಲ್ಲ. ಅದಕ್ಕೇ ಆ್ಯಪ್ ಬಂದ ಮೇಲೂ ರಿಜಿಸ್ಟರ್ ಬಿಡಲು ಇವರಿಗೆ ಧೈರ್ಯ ಬರುವುದಿಲ್ಲ. ಒಂದೇ ಲೆಕ್ಕವನ್ನು ಎರಡು ಸಲ ಯಾಕೆ ಬರೆಯುತ್ತೀರಿ ಎಂದು ಹೊರಗಿನವರಿಗೆ ಅನ್ನಿಸಬಹುದು. ಆ್ಯಪ್‌ನಲ್ಲಿ ಹಾಕಿದ್ದು ಒಂದು ದಿನ ಕಾಣದೇ ಹೋದರೆ, ಆಹಾರ ಯಾರಿಗೆ ಕೊಟ್ಟೆ ಎಂದು ಯಾರಾದರೂ ಕೇಳಿದರೆ ತೋರಿಸಲು ಅವರ ಕೈಯಲ್ಲಿ ಇರುವುದು ಆ ನೋಟ್‌ಬುಕ್ ಒಂದೇ. ಗೆರೆ ಎಳೆದು, ತಾರೀಖು ಹಾಕಿ, ಎದುರಿಗೆ ಆ ತಾಯಿಯ ಸಹಿಯೋ ಹೆಬ್ಬೆಟ್ಟೋ ಇರುವ ನೋಟ್‌ಬುಕ್.